ಬೆಂಗಳೂರಿನಲ್ಲಿ ನಾಟಕದ ಸಂಜೆ: ಎಲ್ಲಿ ನೋಡಬೇಕು, ಯಾವಾಗ ತಿನ್ನಬೇಕು, ಮನೆಗೆ ಹೇಗೆ ಬರಬೇಕು

ಬೆಂಗಳೂರಿನಲ್ಲಿ ನಾಟಕಕ್ಕೆ ಹೊರಟವರಿಗೆ ಮೊದಲು ಎದುರಾಗುವುದು ಹೊಟ್ಟೆಯ ಪ್ರಶ್ನೆ. ನಾಟಕ ಶುರುವಾಗುವುದು ಏಳಕ್ಕೋ ಏಳೂವರೆಗೋ. ಮುಗಿಯುವುದು ಒಂಬತ್ತು, ಒಂಬತ್ತೂವರೆಗೆ. ಸರಿಯಾಗಿ ಊಟದ ಹೊತ್ತು. ಮೊದಲೇ ಹೊಟ್ಟೆ ತುಂಬ ಉಂಡು ಹೋದರೆ ದೀಪ ಆರಿದ ಕೂಡಲೇ ಕಣ್ಣು ಎಳೆಯುತ್ತದೆ. ಏನೂ ತಿನ್ನದೆ ಹೋದರೆ ಅರ್ಧ ನಾಟಕದ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತದೆ. ಮುಗಿದ ಮೇಲೆ ನೋಡಿಕೊಳ್ಳೋಣ ಅಂದರೆ, ನಗರದ ಒಳ್ಳೊಳ್ಳೆ ಹಳೇ ಹೋಟೆಲುಗಳು ಅಷ್ಟರಲ್ಲಿ ಬಾಗಿಲು ಹಾಕಿರುತ್ತವೆ.

ಎಷ್ಟೋ ವರ್ಷ ನಾಟಕಕ್ಕೆ ಅಲೆದ ಮೇಲೆ ನಾನು ಪಾಲಿಸುವ ಕ್ರಮ ಇದು: ಅರ್ಧ ಹೊಟ್ಟೆ ಮೊದಲು, ಉಳಿದರ್ಧ ನಾಟಕ ಮುಗಿದ ಮೇಲೆ. ಮೊದಲ ಅರ್ಧಕ್ಕೆ ತಿಂಡಿ, ಎರಡನೇ ಅರ್ಧಕ್ಕೆ ಊಟ ಮತ್ತು ಮಾತು. ನೋಡಿದ ನಾಟಕದ ಬಗ್ಗೆ ಬಿಸಿಬಿಸಿಯಾಗಿ ಮಾತಾಡದೆ ಮನೆಗೆ ಬಂದುಬಿಟ್ಟರೆ ಏನೋ ಬಾಕಿ ಉಳಿದ ಹಾಗೆ ಇರುತ್ತದೆ. ಈ ಲೆಕ್ಕದಲ್ಲಿ ಒಂದು ಸಂಜೆಯನ್ನು ಹೇಗೆ ಜೋಡಿಸಿಕೊಳ್ಳಬೇಕು ಅಂತ ಹೇಳುತ್ತೇನೆ.

ಮೊದಲು ನಾಟಕ ಆರಿಸಿ, ಹೋಟೆಲ್ ಆಮೇಲೆ

ತುಂಬ ಜನ ಇದನ್ನು ಉಲ್ಟಾ ಮಾಡುತ್ತಾರೆ. ಒಳ್ಳೆ ಹೋಟೆಲ್ ನೋಡಿಕೊಂಡು, ಅದರ ಹತ್ತಿರ ಯಾವ ನಾಟಕ ಇದೆ ಅಂತ ಹುಡುಕುತ್ತಾರೆ. ಹೋಟೆಲ್ ನಾಳೆಯೂ ಅಲ್ಲೇ ಇರುತ್ತದೆ. ನಾಟಕ ಹಾಗಲ್ಲ. ಇವತ್ತು ಒಂದು ಪ್ರದರ್ಶನ, ಮುಂದಿನದು ಮೂರು ತಿಂಗಳ ಮೇಲೆ, ಅದೂ ಬೇರೆ ಊರಲ್ಲಿ ಇರಬಹುದು.

ಏನು ನಡೆಯುತ್ತಿದೆ ಅಂತ ತಿಳಿಯಲು ಮೂರು ದಾರಿಗಳಿವೆ. ಕನ್ನಡ ಪತ್ರಿಕೆಗಳಲ್ಲಿ ಬರುವ ‘ನಗರದಲ್ಲಿ ಇಂದು’ ಅಂಕಣ ಒಂದು. ಬುಕ್‌ಮೈಶೋದಲ್ಲಿ ನಾಟಕಗಳ ವಿಭಾಗಕ್ಕೆ ಹೋಗಿ ಭಾಷೆ ಕನ್ನಡ ಅಂತ ಆರಿಸುವುದು ಎರಡನೆಯದು. ಮೂರನೆಯದೇ ಎಲ್ಲಕ್ಕಿಂತ ಒಳ್ಳೆಯದು: ನಾಟಕ ನೋಡಲು ಹೋದಾಗ ಗೋಡೆಗೆ ಅಂಟಿಸಿದ ಪೋಸ್ಟರುಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ, ತಂಡದವರ ವಾಟ್ಸಾಪ್ ಗುಂಪಿಗೆ ಸೇರಿಕೊಳ್ಳಿ. ಸಣ್ಣ ತಂಡಗಳ ಎಷ್ಟೋ ಪ್ರದರ್ಶನಗಳ ಸುದ್ದಿ ಇಲ್ಲಿ ಬಿಟ್ಟು ಬೇರೆಲ್ಲೂ ಸಿಗುವುದಿಲ್ಲ.

ಮೊದಲ ಸಲ ಹೋಗುವವರು ನಾಟಕದ ಹೆಸರಿಗಿಂತ ತಂಡದ ಹೆಸರು ನೋಡಿ. ಕಲಾಗಂಗೋತ್ರಿ, ಸಮುದಾಯ, ನಿರ್ದೇಶಕ ಬಿ.ವಿ. ಕಾರಂತರು ಕಟ್ಟಿದ ಬೆನಕದಂಥ ತಂಡಗಳಿಗೆ ದಶಕಗಳ ಅನುಭವವಿದೆ. ಹಾಸ್ಯದಿಂದ ಶುರು ಮಾಡಬೇಕು ಅಂತಿದ್ದರೆ ಕಲಾಗಂಗೋತ್ರಿಯ ‘ಮುಖ್ಯಮಂತ್ರಿ’ ಹಾಕಿದ್ದಾರಾ ನೋಡಿ. 1980ರಲ್ಲಿ ಶುರುವಾದ ನಾಟಕ ಅದು. ನಟ ಚಂದ್ರು ಅವರ ಹೆಸರಿನ ಹಿಂದೆ ‘ಮುಖ್ಯಮಂತ್ರಿ’ ಸೇರಿಕೊಂಡದ್ದು ಅದರ ಪಾತ್ರದಿಂದಲೇ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನವರು 1985ರಿಂದ ಪ್ರತಿವರ್ಷ ಊರೂರಲ್ಲಿ ನಾಟಕ ಆಡುತ್ತಾ ತಿರುಗಾಟ ಹೊರಡುತ್ತಾರೆ. ಅವರು ಬೆಂಗಳೂರಿಗೆ ಬಂದ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.

ಟಿಕೆಟ್ ದೊಡ್ಡ ಖರ್ಚಲ್ಲ. ಕನ್ನಡ ನಾಟಕಕ್ಕೆ ಸಾಮಾನ್ಯವಾಗಿ ನೂರರಿಂದ ಮುನ್ನೂರು ರೂಪಾಯಿ. ಸಂಸ್ಕೃತಿ ಇಲಾಖೆ ಪ್ರಾಯೋಜಿಸಿದ ಕೆಲವು ಪ್ರದರ್ಶನಗಳಿಗೆ ಪ್ರವೇಶ ಉಚಿತ. ಆದರೆ ಉಚಿತ ಅಂದಾಗ ಅರ್ಧ ಗಂಟೆ ಮೊದಲೇ ಹೋಗಿ. ಸೀಟು ಯಾರಿಗೂ ಕಾಯುವುದಿಲ್ಲ.

ರಂಗಶಂಕರ: ಏಳೂವರೆ ಅಂದರೆ ಏಳೂವರೆ

ಜೆ.ಪಿ. ನಗರ ಎರಡನೇ ಹಂತದಲ್ಲಿದೆ. ಬೆಂಗಳೂರಿಗೆ ಒಂದು ಒಳ್ಳೆಯ ರಂಗಮಂದಿರ ಬೇಕು ಅನ್ನುವುದು ಶಂಕರ್ ನಾಗ್ ಅವರ ಕನಸಾಗಿತ್ತು. 1990ರಲ್ಲಿ ಅವರು ಅಪಘಾತದಲ್ಲಿ ತೀರಿಕೊಂಡರು. ಅವರ ಹೆಂಡತಿ ಅರುಂಧತಿ ನಾಗ್ ಹಠ ಬಿಡದೆ ಹಣ ಕೂಡಿಸಿ ಕಟ್ಟಿಸಿ, 2004ರ ಅಕ್ಟೋಬರಿನಲ್ಲಿ ಬಾಗಿಲು ತೆರೆದರು. ದಿನಕ್ಕೊಂದು ನಾಟಕ ಅನ್ನುವುದು ಅಲ್ಲಿಯ ಆಸೆ. ಸೋಮವಾರ ರಜೆ. ಬೇರೆ ದಿನ ಸಾಮಾನ್ಯವಾಗಿ ಸಂಜೆ 7.30ಕ್ಕೆ, ಭಾನುವಾರ ಮಧ್ಯಾಹ್ನ 3.30ಕ್ಕೂ ಒಂದು ಆಟ.

ಇಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಯಾರೇ ಆಗಲಿ. ಇದು ಎಷ್ಟು ಒಳ್ಳೆಯ ನಿಯಮ ಅಂತ ಒಳಗೆ ಕೂತಾಗ ಗೊತ್ತಾಗುತ್ತದೆ. ಕತ್ತಲಲ್ಲಿ ಯಾರೂ ನಿಮ್ಮ ಕಾಲು ತುಳಿದುಕೊಂಡು ಸೀಟು ಹುಡುಕುವುದಿಲ್ಲ.

ಸೀಟಿಗೆ ನಂಬರ್ ಇಲ್ಲ. ಮೊದಲು ಬಂದವರಿಗೆ ಮೊದಲು. ರಂಗ ಮುಂದಕ್ಕೆ ಚಾಚಿಕೊಂಡಿದೆ, ಸೀಟುಗಳು ಮೆಟ್ಟಿಲಿನ ಹಾಗೆ ಏರುತ್ತವೆ. ಹಾಗಾಗಿ ಹಿಂದೆ ಕೂತರೂ ಮುಂದಿನವರ ತಲೆ ಅಡ್ಡ ಬರುವುದಿಲ್ಲ. ನನ್ನ ಮಟ್ಟಿಗೆ ನಾಲ್ಕು, ಐದನೇ ಸಾಲಿನ ನಡುವಿನ ಜಾಗ ಚೆನ್ನ. ನಟರ ಮುಖವೂ ಕಾಣುತ್ತದೆ, ಇಡೀ ರಂಗವೂ ಕಣ್ಣಿಗೆ ಹಿಡಿಯುತ್ತದೆ.

ಊಟದ ವಿಷಯಕ್ಕೆ ಬಂದರೆ ಇಲ್ಲಿ ಕೆಲಸ ಸುಲಭ. ಆವರಣದಲ್ಲೇ ಕೆಫೆ ಇದೆ. ಅಲ್ಲಿನ ಸಬ್ಬಕ್ಕಿ ವಡೆಗೆ ಒಳ್ಳೆ ಹೆಸರು. ಆರೂಮುಕ್ಕಾಲಿಗೆ ಹೋಗಿ, ಒಂದು ಪ್ಲೇಟ್ ವಡೆ, ಒಂದು ಕಾಫಿ ತೆಗೆದುಕೊಂಡು ಕೂತರೆ ಅರ್ಧ ಹೊಟ್ಟೆಯ ಲೆಕ್ಕ ಮುಗಿಯಿತು. ಪಕ್ಕದ ಮೇಜಿನಲ್ಲಿ ಯಾರೋ ನಿರ್ದೇಶಕರು, ಆಚೆ ಮೇಜಿನಲ್ಲಿ ಕಾಲೇಜು ಹುಡುಗರು, ಇನ್ನೊಂದರಲ್ಲಿ ಮೊಮ್ಮಗಳನ್ನು ಕರೆದುಕೊಂಡು ಬಂದ ಅಜ್ಜಿ. ಹಾಗೇ ಪುಸ್ತಕದಂಗಡಿಗೂ ಒಂದು ಸುತ್ತು ಹಾಕಿ.

ಭಾನುವಾರದ ಮೂರೂವರೆ ಆಟಕ್ಕೆ ಹೋಗುವವರಿಗೆ, ಅದರಲ್ಲೂ ಬಾಡೂಟ ಇಷ್ಟಪಡುವವರಿಗೆ ನನ್ನ ಸಲಹೆ ಬೇರೆ. ಬನಶಂಕರಿ ಬಸ್ ನಿಲ್ದಾಣದ ಕಡೆ ಜಯನಗರದಲ್ಲಿ ಶಿವಾಜಿ ಮಿಲಿಟರಿ ಹೋಟೆಲ್ ಇದೆ. ದೊನ್ನೆ ಬಿರಿಯಾನಿಗೆ ಪ್ರಸಿದ್ಧ. ಹನ್ನೆರಡು ಗಂಟೆಯೊಳಗೇ ಹೋಗಿಬಿಡಿ, ಭಾನುವಾರ ಸಾಲು ಉದ್ದ. ಒಂದಕ್ಕೆಲ್ಲ ಉಂಡರೆ ನಾಟಕದ ಹೊತ್ತಿಗೆ ಹೊಟ್ಟೆ ಹಗುರಾಗಿರುತ್ತದೆ. ಎರಡೂವರೆಗೆ ಉಂಡು ಸೀದಾ ಹೋಗಿ ಕೂತರೆ ಮಾತ್ರ ನಿದ್ದೆ ಖಂಡಿತ.

ರವೀಂದ್ರ ಕಲಾಕ್ಷೇತ್ರ: ಅಂಗಳಕ್ಕೆ ಹೊತ್ತು ಇಟ್ಟುಕೊಳ್ಳಿ

ಜೆ.ಸಿ. ರಸ್ತೆಯ ಕಲಾಕ್ಷೇತ್ರ ರವೀಂದ್ರನಾಥ ಠಾಕೂರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿದ್ದು. 1963ರಲ್ಲಿ ಉದ್ಘಾಟನೆಯಾಯಿತು. ಅದೇ ಆವರಣದಲ್ಲಿ ನಾಟಕಕಾರ ಸಂಸರ ಹೆಸರಿನ ಬಯಲು ರಂಗಮಂದಿರ ಇದೆ. ಕನ್ನಡ ಭವನದೊಳಗೆ ‘ನಯನ’ ಸಭಾಂಗಣ ಇದೆ. ಎದುರಿಗೆ ಎ.ಡಿ.ಎ. ರಂಗಮಂದಿರ. ಹಾಗಾಗಿ ಟಿಕೆಟಿನಲ್ಲಿ ಯಾವುದು ಅಂತ ಸರಿಯಾಗಿ ಓದಿಕೊಳ್ಳಿ. ದೊಡ್ಡ ಹಾಲಿಗೆ ಹೋಗಿ ಕೂತು, ನಮ್ಮ ನಾಟಕ ಹಿಂದಿನ ಬಯಲಲ್ಲಿ ನಡೆಯುತ್ತಿದೆ ಅಂತ ಆಮೇಲೆ ತಿಳಿದು ಓಡಿದವರನ್ನು ನೋಡಿದ್ದೇನೆ.

1970ರ ದಶಕದ ಶುರುವಿನಲ್ಲಿ ಬಿ.ವಿ. ಕಾರಂತರು ಈ ಆವರಣದ ಬಯಲಿನಲ್ಲೇ ನಾಟಕ ಆಡಿಸಿದರು. ಕನ್ನಡ ಹವ್ಯಾಸಿ ರಂಗಭೂಮಿಗೆ ಹೊಸ ಜೀವ ಬಂದದ್ದು ಆಗಲೇ. ಇವತ್ತಿಗೂ ಸಂಜೆ ಐದರ ಮೇಲೆ ಕಲಾಕ್ಷೇತ್ರದ ಮೆಟ್ಟಿಲ ಮೇಲೆ ಕೂತರೆ ಸಾಕು. ಒಂದು ಕಡೆ ಯಾರೋ ಮಾತು ಬಾಯಿಪಾಠ ಮಾಡುತ್ತಿರುತ್ತಾರೆ. ಇನ್ನೊಂದು ಕಡೆ ಮುಖಕ್ಕೆ ಬಣ್ಣ ಹಚ್ಚಿಕೊಂಡವರು ಚಹಾ ಕುಡಿಯುತ್ತಿರುತ್ತಾರೆ. ಇದಕ್ಕೆ ಅರ್ಧ ಗಂಟೆಯಾದರೂ ಇಟ್ಟುಕೊಳ್ಳಿ.

ಬಯಲು ರಂಗಮಂದಿರಕ್ಕಾದರೆ ಒಂದು ಶಾಲು, ಕೂರಲು ಒಂದು ಹಳೇ ಪೇಪರ್ ಅಥವಾ ಟವೆಲ್ ಇರಲಿ. ಕಲ್ಲಿನ ಮೆಟ್ಟಿಲು ಡಿಸೆಂಬರಿನಲ್ಲಿ ತಣ್ಣಗೆ ಕೊರೆಯುತ್ತದೆ.

ನಾಟಕಕ್ಕೆ ಮೊದಲಿನ ತಿಂಡಿಗೆ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಇದೆ. ಮಾವಳ್ಳಿ ಟಿಫನ್ ರೂಮ್. 1924ರಲ್ಲಿ ಮಯ್ಯ ಕುಟುಂಬದವರು ಶುರು ಮಾಡಿದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಿದ್ದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದರು, ಅದೇ ರವೆ ಇಡ್ಲಿಯಾಯಿತು ಅಂತ ಆ ಹೋಟೆಲಿನವರು ಹೇಳುತ್ತಾರೆ. ಅಲ್ಲಿಂದ ಕಲಾಕ್ಷೇತ್ರಕ್ಕೆ ನಡೆದರೆ ಇಪ್ಪತ್ತು, ಇಪ್ಪತ್ತೈದು ನಿಮಿಷ. ನಾಲ್ಕೂವರೆಗೆ ಎಂ.ಟಿ.ಆರ್. ತಲುಪಿ, ಕಾದು, ಒಂದು ರವೆ ಇಡ್ಲಿ ಅಥವಾ ಒಂದು ಮಸಾಲೆ, ಬೆಳ್ಳಿ ಲೋಟದ ಕಾಫಿ ಮುಗಿಸಿ, ನಿಧಾನಕ್ಕೆ ಮಿನರ್ವ ಸರ್ಕಲ್ ಮೇಲೆ ನಡೆದು ಬಂದರೆ ಆರಕ್ಕೆ ಮೆಟ್ಟಿಲ ಮೇಲಿರುತ್ತೀರಿ. ಸೋಮವಾರ ಎಂ.ಟಿ.ಆರ್. ರಜೆ.

ಇಲ್ಲಿ ಇನ್ನೊಂದು ಮಾತು. ನಾಟಕಕ್ಕೆ ಮೊದಲು ಸಭಾ ಕಾರ್ಯಕ್ರಮ, ಸನ್ಮಾನ ಇದ್ದರೆ ಪರದೆ ಏಳುವುದು ತಡವಾಗಬಹುದು. ಆಹ್ವಾನ ಪತ್ರಿಕೆಯಲ್ಲಿ ಅತಿಥಿಗಳ ಹೆಸರು ಐದಕ್ಕಿಂತ ಜಾಸ್ತಿ ಇದ್ದರೆ ಮೊದಲ ಅರ್ಧ ಹೊಟ್ಟೆಯನ್ನು ಮುಕ್ಕಾಲು ಮಾಡಿಕೊಳ್ಳಿ.

ಹನುಮಂತನಗರ ಮತ್ತು ಗಾಂಧಿ ಬಜಾರ್: ನನ್ನ ಇಷ್ಟದ ಜೋಡಿ

ಹನುಮಂತನಗರದಲ್ಲಿ ರಾಮಾಂಜನೇಯ ಗುಡ್ಡದ ಹತ್ತಿರ ಕೆ.ಎಚ್. ಕಲಾಸೌಧ ಇದೆ. ಸಣ್ಣ, ಆಪ್ತ ರಂಗಮಂದಿರ. ಹೊಸ ಹುಡುಗರ ನಾಟಕಗಳು ಇಲ್ಲಿ ಜಾಸ್ತಿ. ಇಲ್ಲಿಗೆ ಹೋಗುವ ದಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಿಂದ ಶುರು ಮಾಡಿ.

1943ರ ಹೋಟೆಲ್ ಅದು. ಬಾಗಿಲಲ್ಲಿ ಹೆಸರು ಬರೆಸಿ ಕಾಯಬೇಕು. ಒಳಗೆ ಗೋಡೆಯ ಮೇಲೆ ಕನ್ನಡ ಸಾಹಿತಿಗಳ ಚಿತ್ರಗಳು. ಪಂಚೆ ಉಟ್ಟ ಮಾಣಿಯೊಬ್ಬರು ಅಡುಗೆಮನೆಯಿಂದ ಬರುತ್ತಾರೆ. ಎಡಗೈಯಲ್ಲಿ ಅಂಗೈಯಿಂದ ಭುಜದ ತನಕ ದೋಸೆ ತಟ್ಟೆಗಳು ಒಂದರ ಮೇಲೊಂದು. ಬಲಗೈಯಿಂದ ಒಂದೊಂದೇ ತೆಗೆದು, ನೋಡದೆಯೇ ಸರಿಯಾದ ಮೇಜಿಗೆ ಇಡುತ್ತಾ ಹೋಗುತ್ತಾರೆ. ಆ ಸಾಲು ಅಲ್ಲಾಡಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ದೋಸೆ ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಅಂಚಿನಲ್ಲಿ ತುಪ್ಪ ಮಿನುಗುತ್ತದೆ. ಚಟ್ನಿ ತಂದು ಧಾರಾಳವಾಗಿ ಸುರಿಯುತ್ತಾರೆ. ಈ ಹೋಟೆಲಿನ ಹೆಸರಲ್ಲೇ ಒಂದು ಕನ್ನಡ ನಾಟಕವೂ ಬಂದಿದೆ, ರಂಗದ ಮೇಲೆ ಹೋಟೆಲನ್ನೇ ಕಟ್ಟಿ ಆಡುತ್ತಾರೆ. ಇಲ್ಲಿ ದೋಸೆ ತಿಂದು ಆ ನಾಟಕ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ.

ಒಬ್ಬರಿಗೆ ಒಂದು ಮಸಾಲೆ, ಇಬ್ಬರಿಗೆ ಬೈಟೂ ಕಾಫಿ. ಅಷ್ಟೇ. ಇನ್ನೊಂದು ದೋಸೆಗೆ ಕೈ ಎತ್ತಬೇಡಿ, ರಾತ್ರಿ ಊಟ ಇದೆ. ಅಲ್ಲಿಂದ ಕಲಾಸೌಧಕ್ಕೆ ಆಟೋದಲ್ಲಿ ಹತ್ತು ನಿಮಿಷದ ದಾರಿ. ಗಾಂಧಿ ಬಜಾರಿನ ಜನಸಂದಣಿ ನೋಡಿ ಇಪ್ಪತ್ತು ಅಂತ ಲೆಕ್ಕ ಹಾಕಿ. ಶುಕ್ರವಾರ ವಿದ್ಯಾರ್ಥಿ ಭವನಕ್ಕೆ ರಜೆ. ಆ ದಿನ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಹೋಗಿ. ಇಡ್ಲಿ, ವಡೆ, ಚಟ್ನಿ, ಕಾಫಿ. ಸಾಂಬಾರ್ ಇಲ್ಲ, ಆ ಚಟ್ನಿ ಇರುವಾಗ ಬೇಕಾಗುವುದೂ ಇಲ್ಲ. ಅಲ್ಲಿ ಸಂಜೆ ಬೇಗ ಮುಚ್ಚುತ್ತಾರೆ, ಆರರೊಳಗೆ ತಲುಪಿ.

ಗಡಿಯಾರವನ್ನು ಹಿಂದಿನಿಂದ ಎಣಿಸಿ

ಸಂಜೆಯನ್ನು ಪರದೆ ಏಳುವ ಹೊತ್ತಿನಿಂದ ಹಿಂದಕ್ಕೆ ಎಣಿಸಬೇಕು. ಏಳೂವರೆಗೆ ನಾಟಕ ಅಂತಿಟ್ಟುಕೊಳ್ಳಿ. ಏಳಕ್ಕೆ ರಂಗಮಂದಿರದ ಬಾಗಿಲಲ್ಲಿರಬೇಕು. ಹೋಟೆಲಿನಿಂದ ಮ್ಯಾಪ್ ಇಪ್ಪತ್ತು ನಿಮಿಷ ಅಂತ ತೋರಿಸಿದರೆ ನಲವತ್ತು ಹಿಡಿಯಿರಿ. ಅಂದರೆ ಆರೂ ಇಪ್ಪತ್ತಕ್ಕೆ ಹೋಟೆಲ್ ಬಿಡಬೇಕು. ಕೂತು ತಿನ್ನುವ ಜಾಗವಾದರೆ, ಕಾಯುವುದೂ ಸೇರಿ ಒಂದೂಕಾಲು ಗಂಟೆ. ಐದಕ್ಕೆ ಅಲ್ಲಿರಬೇಕು. ಅಷ್ಟು ಬೇಗ ಕೆಲಸ ಬಿಟ್ಟು ಬರಲು ಆಗುವುದಿಲ್ಲ ಅಲ್ವಾ? ಹಾಗಿದ್ದರೆ ಹಳೇ ಹೋಟೆಲಿನ ಆಸೆ ಅವತ್ತಿಗೆ ಬಿಡಿ. ರಂಗಮಂದಿರದ ಹತ್ತಿರದ ದರ್ಶಿನಿಗೆ ಹೋಗಿ. ಕೌಂಟರಿನಲ್ಲಿ ದುಡ್ಡು ಕೊಟ್ಟು ಟೋಕನ್ ತೆಗೆದುಕೊಂಡರೆ, ಒಂದು ಚೌಚೌ ಭಾತ್, ಒಂದು ಕಾಫಿ ನಿಂತಲ್ಲೇ ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ.

ಈ ಲೆಕ್ಕ ನಾನು ಕಲಿತದ್ದು ಒಂದು ನೋವಿನಿಂದ. ಅಪ್ಪ ಊರಿನಿಂದ ಬಂದಿದ್ದರು. ಚಿಕ್ಕಂದಿನಲ್ಲಿ ಕಂಪನಿ ನಾಟಕಗಳನ್ನು ರಾತ್ರಿಯಿಡೀ ಕೂತು ನೋಡಿದವರು ಅವರು. ಬೆಂಗಳೂರಿನ ನಾಟಕ ತೋರಿಸಬೇಕು ಅಂತ ನನಗೆ ತುಂಬ ಆಸೆ. ಮೊದಲು ಒಂದು ಹೋಟೆಲಿಗೆ ಕರೆದುಕೊಂಡು ಹೋದೆ. ದೋಸೆ ಬರುವುದು ತಡವಾಯಿತು, ರಸ್ತೆಯಲ್ಲಿ ಗಾಡಿಗಳು ಜಾಮ್ ಆಗಿದ್ದವು. ನಾವು ತಲುಪುವ ಹೊತ್ತಿಗೆ ಬಾಗಿಲು ಹಾಕಿ ನಾಲ್ಕು ನಿಮಿಷವಾಗಿತ್ತು. ಒಳಗಿನಿಂದ ಮದ್ದಳೆಯ ಸದ್ದು ಕೇಳಿಸುತ್ತಿತ್ತು. ಅಪ್ಪ ಆ ಬಾಗಿಲಿಗೆ ಕಿವಿಗೊಟ್ಟು ಸ್ವಲ್ಪ ಹೊತ್ತು ನಿಂತರು. “ಮೂರನೇ ಬೆಲ್ ಆದ ಮೇಲೆ ಯಾರಿಗೂ ಕಾಯಬಾರದು ಕಣಪ್ಪ, ಅದೇ ಸರಿ. ನಡಿ, ನಾಳೆ ಇದ್ಯಾ ಕೇಳು” ಅಂದರು. ಅದೃಷ್ಟಕ್ಕೆ ಮರುದಿನವೂ ಆಟ ಇತ್ತು. ಆ ದಿನ ನಾವು ಮೊದಲು ರಂಗಮಂದಿರಕ್ಕೆ ಹೋಗಿ, ಆಮೇಲೆ ಅಲ್ಲೇ ಪಕ್ಕದಲ್ಲಿ ಉಪ್ಪಿಟ್ಟು ತಿಂದೆವು.

ಒಳಗೆ ಕೂತ ಮೇಲೆ

ಮೊಬೈಲ್ ಆಫ್ ಮಾಡಿ. ಸೈಲೆಂಟ್ ಸಾಲದು, ಪರದೆಯ ಬೆಳಕು ನಟರ ಕಣ್ಣಿಗೂ ಬೀಳುತ್ತದೆ. ಫೋಟೊ, ವಿಡಿಯೊ ಬೇಡ. ಚಿಪ್ಸ್ ಪೊಟ್ಟಣದ ಪರಪರ ಸದ್ದು ಎಷ್ಟು ದೂರ ಕೇಳುತ್ತದೆ ಅಂತ ನಾಟಕದ ಮೌನದಲ್ಲಿ ಗೊತ್ತಾಗುತ್ತದೆ, ಅದನ್ನು ಹೊರಗೇ ಬಿಡಿ. ಕೆಮ್ಮು ಇದ್ದರೆ ಒಂದು ಚೂರು ಕಲ್ಲುಸಕ್ಕರೆ ಬಾಯಲ್ಲಿಟ್ಟುಕೊಳ್ಳಿ.

ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಟಿಕೆಟ್ ತೆಗೆಯುವ ಮೊದಲೇ ವಯಸ್ಸಿನ ಮಿತಿ, ನಾಟಕದ ಅವಧಿ ನೋಡಿಕೊಳ್ಳಿ. ಮಗುವಿಗೆ ಮಾತ್ರ ಅರ್ಧ ಹೊಟ್ಟೆಯ ನಿಯಮ ಬೇಡ, ಪೂರ್ತಿ ತಿನ್ನಿಸಿಯೇ ಒಳಗೆ ಕರೆದುಕೊಂಡು ಹೋಗಿ.

ಮುಗಿದ ಮೇಲೆ ತಂಡದವರು ಸಾಲಾಗಿ ನಿಂತು ಒಬ್ಬೊಬ್ಬರನ್ನೇ ಪರಿಚಯ ಮಾಡಿಕೊಡುತ್ತಾರೆ. ಬೆಳಕಿನವರು, ಪ್ರಸಾಧನದವರು, ಸಂಗೀತದವರು. ಎಲ್ಲರ ಹೆಸರು ಮುಗಿಯುವ ತನಕ ಇರಿ. ಹಗಲು ಬೇರೆ ಕೆಲಸ ಮಾಡಿ, ಸಂಜೆ ತಾಲೀಮು ಮಾಡಿದವರು ಇವರಲ್ಲಿ ಬಹಳ ಜನ. ಆ ಎರಡು ನಿಮಿಷದ ಚಪ್ಪಾಳೆ ಅವರಿಗೆ ಬೇಕು.

ಉಳಿದರ್ಧ ಹೊಟ್ಟೆ

ಕಲಾಕ್ಷೇತ್ರದಿಂದ ಬಂದರೆ ಸೀದಾ ವಿ.ವಿ. ಪುರಂನ ತಿಂಡಿ ಬೀದಿಗೆ ಹೋಗಿ. ಸಜ್ಜನ್ ರಾವ್ ಸರ್ಕಲ್ ಹತ್ತಿರ, ಆಟೋದಲ್ಲಿ ಐದು, ಹತ್ತು ನಿಮಿಷ. ಬೇರೆ ಹೋಟೆಲು ಮುಚ್ಚುವ ಹೊತ್ತಿಗೆ ಇಲ್ಲಿ ಇನ್ನೂ ಜಾತ್ರೆ. ಗುಂಪಾಗಿ ಹೋದರೆ ಒಬ್ಬೊಬ್ಬರು ಒಂದೊಂದು ತನ್ನಿ, ನಡುವೆ ಇಟ್ಟು ಹಂಚಿಕೊಳ್ಳಿ. ಅಕ್ಕಿ ರೊಟ್ಟಿ, ಪಡ್ಡು, ಮೆಣಸಿನಕಾಯಿ ಬೋಂಡ. ಹೋಳಿಗೆಯನ್ನು ಕಣ್ಣೆದುರೇ ತಟ್ಟಿ ಕಾವಲಿಗೆ ಹಾಕುತ್ತಾರೆ. ಬೆಂದು ಕಂದು ಚುಕ್ಕೆ ಮೂಡಿದ ಮೇಲೆ ಒಂದು ಚಮಚ ತುಪ್ಪ. ಕಾಗದದ ತಟ್ಟೆಯ ಅಡಿಯಿಂದ ಬೆರಳಿಗೆ ಬಿಸಿ ತಾಗುತ್ತಿರುತ್ತದೆ. ಡಿಸೆಂಬರ್, ಜನವರಿಯಾದರೆ ಅವರೆಕಾಯಿ ಕಾಲ. ಅವರೆಬೇಳೆ ದೋಸೆ, ಹಿತಕಿದ ಬೇಳೆಯ ಖಾರ, ಉಪ್ಪಿಟ್ಟು, ಎಲ್ಲದರಲ್ಲೂ ಅವರೆ.

ನಾವು ಅಲ್ಲಿ ಒಂದು ಆಟ ಆಡುತ್ತೇವೆ. ‘ಚೆನ್ನಾಗಿತ್ತು’ ಅನ್ನುವ ಮಾತು ಯಾರೂ ಬಳಸುವ ಹಾಗಿಲ್ಲ. ಯಾವ ದೃಶ್ಯ, ಯಾವ ಮಾತು, ಯಾಕೆ ಅಂತ ಹೇಳಬೇಕು. ಒಮ್ಮೆ ನನ್ನ ಚಿಕ್ಕಮ್ಮ, ಜೀವನದಲ್ಲಿ ಅದೇ ಮೊದಲ ನಾಟಕ ನೋಡಿದವರು, ಹೋಳಿಗೆ ಕೈಯಲ್ಲಿ ಹಿಡಿದು ಅಂದರು: “ಆ ಹುಡುಗಿ ಇಲ್ಲದ ಬಾವಿಯಿಂದ ನೀರು ಸೇದಿದಳಲ್ಲ, ಕೊಡ ಮೇಲೆ ಬಂದಾಗ ಅವಳ ತೋಳು ನಡುಗಿತು ನೋಡಿದ್ರಾ?” ನಾವ್ಯಾರೂ ಅದನ್ನು ನೋಡಿರಲಿಲ್ಲ.

ರಂಗಶಂಕರದಿಂದ ಬರುವವರು ತಡಮಾಡದೆ ಜಯನಗರದ ಕಡೆ ಹೋಗಿ. ಹತ್ತಕ್ಕೆ ಅಡುಗೆಮನೆ ಮುಚ್ಚುವ ಹೋಟೆಲುಗಳೇ ಜಾಸ್ತಿ. ಹೊರಡುವ ಮೊದಲು ಫೋನ್ ಮಾಡಿ ಕೊನೆಯ ಆರ್ಡರ್ ಎಷ್ಟು ಗಂಟೆಗೆ ಅಂತ ಕೇಳಿಬಿಡಿ.

ಮನೆಗೆ

ಮೆಟ್ರೊ ರಾತ್ರಿ ಹನ್ನೊಂದರ ಸುಮಾರಿನ ತನಕ ಸಿಗುತ್ತದೆ. ಕಲಾಕ್ಷೇತ್ರಕ್ಕೆ ಹಸಿರು ಮಾರ್ಗದ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣ, ತಿಂಡಿ ಬೀದಿಗೆ ನ್ಯಾಷನಲ್ ಕಾಲೇಜ್ ನಿಲ್ದಾಣ ಅನುಕೂಲ. ರಂಗಶಂಕರಕ್ಕೆ ಅದೇ ಮಾರ್ಗದ ರಾಷ್ಟ್ರೀಯ ವಿದ್ಯಾಲಯ ರಸ್ತೆ ನಿಲ್ದಾಣದಿಂದ ಆಟೋ ಹಿಡಿಯಬಹುದು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ರಾಗಿಗುಡ್ಡ ನಿಲ್ದಾಣವೂ ಆಗುತ್ತದೆ. ಆಟೋ ಮೀಟರ್ ದರ ಅದೇ ತಿಂಗಳಿನಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು. ಹತ್ತಕ್ಕೆ ಐದು ನಿಮಿಷ ಇದೆ ಅನ್ನುವಾಗ ಎದ್ದರೆ ಲಾಭ. ಇಬ್ಬರಿಗೆ ಟಿಕೆಟ್, ತಿಂಡಿ, ರಾತ್ರಿಯ ಊಟ, ಓಡಾಟ ಎಲ್ಲ ಸೇರಿ ಸಾವಿರದಿಂದ ಸಾವಿರದೈನೂರರಲ್ಲಿ ನಮ್ಮ ಸಂಜೆ ಮುಗಿಯುತ್ತದೆ.

ಇಷ್ಟೆಲ್ಲ ಲೆಕ್ಕ ತಲೆಕೆಳಗಾಗುವ ನಾಟಕ ಒಂದಿದೆ. ಕುವೆಂಪು ಅವರ ಕಾದಂಬರಿಯಿಂದ ಬಂದ ‘ಮಲೆಗಳಲ್ಲಿ ಮದುಮಗಳು’. ಸಿ. ಬಸವಲಿಂಗಯ್ಯ ನಿರ್ದೇಶನ. ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ಆಡಿದಾಗ ರಾತ್ರಿಯಿಂದ ಬೆಳಗಿನ ತನಕ, ಸುಮಾರು ಒಂಬತ್ತು ಗಂಟೆ ನಡೆಯುತ್ತದೆ. ಪ್ರೇಕ್ಷಕರು ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ಹೋಗಬೇಕು. ಮತ್ತೆ ಆಡುವ ಸುದ್ದಿ ಬಂದರೆ ಹೀಗೆ ಸಿದ್ಧವಾಗಿ: ಮಧ್ಯಾಹ್ನ ಎರಡು ಗಂಟೆ ನಿದ್ದೆ ಮಾಡಿ. ಏಳಕ್ಕೆ ಹಗುರಾಗಿ ಊಟ. ಶಾಲು, ಚಾಪೆ, ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಚಿತ್ರಾನ್ನ, ಒಂದಿಷ್ಟು ಕಡಲೆಕಾಯಿ. ಬಿಡುವು ಬಂದಾಗ ಪಕ್ಕದವರಿಗೂ ಕೊಟ್ಟು ತಿನ್ನಿ. ಕೊನೆಯ ದೃಶ್ಯ ಮುಗಿದು ಹೊರಗೆ ಬಂದಾಗ ಬೆಳಕು ಹರಿಯುತ್ತಿರುತ್ತದೆ, ರಸ್ತೆ ಖಾಲಿ ಇರುತ್ತದೆ. ಆರೂವರೆಗೆ ವಿದ್ಯಾರ್ಥಿ ಭವನದ ಬಾಗಿಲು ತೆಗೆಯುತ್ತಾರೆ. ಅವತ್ತು ಎರಡನೇ ದೋಸೆಗೂ ಕೈ ಎತ್ತಿ.